ಎಣಿಸುವವರ ಪೀಠ

ಮನೆಯಿಂದ,
ಮಾರ್ಚ್ ಹನ್ನೊಂದು, ಭಾನುವಾರ ಬೆಳಗ್ಗೆ

ಪ್ರೀತಿಯ ಅಪ್ಪಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಗಿದೆಯಾ? ಬಣ್ಣದ ಕಾರ್ಖಾನೆಯ ಗೇಟಿನಲ್ಲಿ ಈಗಲೂ ಎಂಟು ಗಂಟೆ ನಿಂತೇ ಇರುತ್ತೀಯಂತೆ, ಅಮ್ಮ ಹೇಳಿದಳು. ಒಂದು ಸ್ಟೂಲು ಕೇಳು. ಕಾವಲುಗಾರನಿಗೆ ಕೂರಲು ಜಾಗ ಕೊಡದ ಮಾಲೀಕರ ಬಗ್ಗೆ ನನ್ನ ಹತ್ತಿರ ಎರಡು ಕಿರುಹೊತ್ತಿಗೆಗಳಿವೆ. ಬೇಕಾದರೆ ಕಳಿಸುತ್ತೇನೆ, ಗೇಟಿಗೇ ಅಂಟಿಸು. ನಗಬೇಡ. ಧೂಳಿಗೆ ಮೂಗಿಗೆ ಬಟ್ಟೆ ಕಟ್ಟಿಕೋ. ಅಮ್ಮ ಚೆನ್ನಾಗಿದ್ದಾಳೆ, ಹೊಲಿಗೆ ಯಂತ್ರದ ಪೆಡಲು ಮಾತ್ರ ಅವಳಿಗಿಂತ ಜಾಸ್ತಿ ನರಳುತ್ತದೆ. ನನ್ನನ್ನು ಈಗ 'ಕರಪತ್ರ' ಅಂತಲೇ ಕರೆಯುತ್ತಾಳೆ. 'ಕರಪತ್ರಾ, ಊಟಕ್ಕೆ ಬಾ, ಆಮೇಲೆ ಲೋಕ ಉದ್ಧಾರ ಮಾಡು' ಅನ್ನುತ್ತಾಳೆ. ನೀನು 'ಮೆಣಸು' ಅನ್ನುತ್ತಿದ್ದೆ. ಅದೇ ವಾಸಿಯಿತ್ತು.

ನೀನು ಮನೆ ಬಿಟ್ಟ ಈ ಹದಿನಾಲ್ಕು ವರ್ಷಗಳಲ್ಲಿ ನಾನು ನಿನಗೆ ಬರೆಯುತ್ತಿರುವ ಮೊದಲ ಪತ್ರ ಇದು, ನನಗೆ ಗೊತ್ತಿದೆ. ಅಮ್ಮ ವರ್ಷಕ್ಕೊಮ್ಮೆ ನಿನ್ನಲ್ಲಿಗೆ ಹೊರಟಾಗ 'ನೀನೂ ಬಾರೇ' ಎಂದು ಕರೆಯುತ್ತಾಳೆ, ನಾನು 'ಬಿಟ್ಟು ಹೋದವರು ತಾವೇ ಬರಲಿ' ಎನ್ನುತ್ತೇನೆ. ಆ ಮಾತನ್ನು ಎಷ್ಟು ಸಲ ಆಡಿದ್ದೇನೆಂದರೆ ಅದು ಗೋಡೆಯ ಮೊಳೆಯ ಹಾಗೆ ಮನೆಯಲ್ಲಿ ಒಂದು ಸಾಮಾನಾಗಿಬಿಟ್ಟಿದೆ. ನೀನು ಹೋದರೂ ನಿನ್ನ ಎಣಿಕೆ ಮನೆ ಬಿಟ್ಟಿಲ್ಲ, ಅಪ್ಪಾ. ಅಮ್ಮ ಗುಂಡಿಗಳನ್ನು ಡಬ್ಬಿಗೆ ಹಾಕುವಾಗ ತುಟಿ ಅಲ್ಲಾಡಿಸುತ್ತಾಳೆ. ಚಮಚ ತೊಳೆದಿಟ್ಟಾಗ ಒಂದು ಕಡಿಮೆ ಬಂದರೆ ನಾವಿಬ್ಬರೂ ಮಾತು ನಿಲ್ಲಿಸುತ್ತೇವೆ, ಅದು ಸಿಗುವವರೆಗೂ. ನನಗಂತೂ ಆಸ್ಪತ್ರೆಯ ದಾಖಲೆ ಕೋಣೆಯಲ್ಲಿ, ಎರಡು ಸಾಲು ಕಡತಗಳ ನಡುವೆ ನಿಂತಾಗ, ನಿನ್ನ ದನಿ ಕೇಳಿಸುತ್ತದೆ. ಮೂವತ್ತೇಳು, ಮೂವತ್ತೆಂಟು, ಮೂವತ್ತೊಂಬತ್ತು. ಅಲ್ಲಿಗೆ ನಿಲ್ಲುತ್ತದೆ. ನಾನು ಏಣಿಯ ಮೇಲೆ ಕೈಯಲ್ಲಿ ಕಡತ ಹಿಡಿದು ಕಾಯುತ್ತೇನೆ, ನಲವತ್ತು ಬರಲೆಂದು. ಬರುವುದಿಲ್ಲ. ಕೆಳಗಿನಿಂದ ಮುಖ್ಯ ಗುಮಾಸ್ತರು 'ಏನಮ್ಮಾ, ಅಲ್ಲೇ ಮನೆ ಮಾಡ್ಕೊಂಡ್ಯಾ?' ಅಂದ ಮೇಲೆ ಇಳಿಯುತ್ತೇನೆ. ಶಾಲೆಯಲ್ಲಿ ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಕೇಳಿದರೆ 'ಎಣಿಸ್ತಾರೆ' ಅನ್ನುತ್ತಿದ್ದೆ. 'ಬ್ಯಾಂಕಲ್ಲಾ?' ಅನ್ನುತ್ತಿದ್ದರು. ಅಲ್ಲ, ಆಪರೇಷನ್ ಥಿಯೇಟರಲ್ಲಿ. ರಕ್ತ ಒರೆಸೋ ಬಟ್ಟೆ ಎಷ್ಟು ಒಳಗೆ ಹೋಯ್ತು, ಎಷ್ಟು ಹೊರಗೆ ಬಂತು ಅಂತ. ಯಾರ ಹೊಟ್ಟೆಯಲ್ಲೂ ಏನೂ ಉಳಿಯಬಾರದಲ್ಲ ಅಂತ. ಹೇಳುವಾಗ ನನಗೆ ಎಷ್ಟು ಜಂಬವಿತ್ತು!

ಈಗ ಸುದ್ದಿಗೆ ಬರುತ್ತೇನೆ. ನೀನು ಇಪ್ಪತ್ತೆರಡು ವರ್ಷ ಯಾರ ಪಕ್ಕದಲ್ಲಿ ನಿಂತು ಎಣಿಸಿದೆಯೋ ಆ ದೊಡ್ಡ ಡಾಕ್ಟರ ಹೆಸರಿನಲ್ಲಿ ಆಸ್ಪತ್ರೆ ಒಂದು ದತ್ತಿ ಪೀಠ ಮಾಡುತ್ತಿದೆ. ಅವರ ಚಾಕುವಿನಿಂದ ಬದುಕಿದವರೆಲ್ಲ ಸೇರಿ ನಿಧಿ ಕೂಡಿಸಿದ್ದಾರೆ. ಅದರ ಬಡ್ಡಿಯಿಂದ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ಒಬ್ಬ ಪ್ರಾಧ್ಯಾಪಕರ ಹುದ್ದೆ ಎಂದೆಂದಿಗೂ ಅವರ ಹೆಸರಿನಲ್ಲಿ ನಡೆಯಬೇಕು ಎನ್ನುವುದು ಯೋಜನೆ. ಮುಂಬಾಗಿಲಲ್ಲಿ ಹೆಸರಿನ ಕಲ್ಲು, ಸಭೆ, ಒಂದು ಪ್ರದರ್ಶನ. ಪ್ರದರ್ಶನಕ್ಕೆ ಅವರ ದೊಡ್ಡ ಆಪರೇಷನ್‌ಗಳ ಕಡತ ಹುಡುಕಿ ಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಿನಗೆ ನನ್ನ ಸ್ವಭಾವ ಗೊತ್ತು. ಹೆಸರು ಕಲ್ಲಿನ ಮೇಲೆ ಬಂದವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಒಬ್ಬರ ಹೆಸರು ಕೆತ್ತಲು ಎಷ್ಟು ಜನರ ಹೆಸರು ಅಳಿಸಬೇಕು ಅನ್ನುವುದು ನಾನು ಓದಿದ ಹೊತ್ತಿಗೆಗಳ ಸಾರ, ಅದನ್ನು ನಾನು ನಂಬುತ್ತೇನೆ, ಇವತ್ತಿಗೂ. ಅದಕ್ಕೇ ಗೆದ್ದ ಕಡತಗಳ ಜೊತೆ ಸೋತ ಒಂದು ಕಡತವನ್ನೂ ಹುಡುಕಿದೆ. ನಮ್ಮ ಬೀದಿಯ ಅಂಚೆಯವನ ಕಡತ.

ಅವನ ಸೈಕಲ್ ಈಗಲೂ ಮೂರು ಮನೆಯಾಚೆ ಗೋಡೆಗೆ ಒರಗಿದೆ. ಅವನ ಹೆಂಡತಿ ವಾರಕ್ಕೊಮ್ಮೆ ಚೈನಿಗೆ ಎಣ್ಣೆ ಬಿಡುತ್ತಾಳೆ, ಓಡಿಸುವವರು ಯಾರೂ ಇಲ್ಲ. ಮಕ್ಕಳು ಹಾದು ಹೋಗುತ್ತ ಗಂಟೆ ಬಾರಿಸಿದರೆ ಬೀದಿಯ ಹಳಬರೆಲ್ಲ ಒಂದು ಕ್ಷಣ ಬಾಗಿಲ ಕಡೆ ತಿರುಗುತ್ತಾರೆ. ಅವನು ಸತ್ತ ಎರಡು ವರ್ಷಕ್ಕೆ ನೀನು ಈ ಬೀದಿ ಬಿಟ್ಟದ್ದು ಆ ಗಂಟೆಯ ಸದ್ದು ತಾಳಲಾರದೆ ಅಂತ ಅಮ್ಮ ಒಮ್ಮೆ ಹೇಳಿದ್ದಳು. ನಾನು ನಂಬಿರಲಿಲ್ಲ. ನಿನ್ನನ್ನು ದೊಡ್ಡವರು ಓಡಿಸಿದರು ಎಂದೇ ನಂಬಿದ್ದೆ. ಕಡತದ ಕೊನೆಯ ಹಾಳೆಯಲ್ಲಿ ಡಾಕ್ಟರ ಕೈಬರಹ: 'ಹೊಟ್ಟೆಯ ಗಡ್ಡೆ ಪೂರ್ತಿ ತೆಗೆಯಲಾಯಿತು. ಹೊಲಿದ ಮೇಲೆ ಎಣಿಕೆಯಲ್ಲಿ ಒಂದು ಕಡಿಮೆ. ಮತ್ತೆ ತೆರೆಯಲಾಯಿತು. ಏನೂ ಸಿಗಲಿಲ್ಲ. ನಿರ್ಧಾರ ನನ್ನದು, ನನ್ನೊಬ್ಬನದು.' ಮೂರನೆಯ ದಿನ ಬೆಳಗ್ಗೆ ಸಾವು. ನಿನ್ನ ಹೆಸರು ಎಲ್ಲೂ ಇಲ್ಲ. ನೋಡಿದೆಯಾ, ಅಳಿಸಿದ್ದಾರೆ ಅಂದುಕೊಂಡೆ. ಸುಮ್ಮಸುಮ್ಮನೆ ಎರಡನೇ ಸಲ ಹೊಟ್ಟೆ ಕೊಯ್ದು ಒಬ್ಬ ಬಡವನನ್ನು ಕೊಂದು, ಸಾಕ್ಷಿಗೆ ಇದ್ದ ಒಬ್ಬನನ್ನು ಊರು ಬಿಡಿಸಿ, ಈಗ ಪೀಠ! ಆ ರೋಷದಲ್ಲೇ ಕರಪತ್ರ ಬರೆದೆ. 'ಪೀಠದ ಕೆಳಗೆ ಮಲಗಿರುವವರು ಯಾರು?' ಎಂಬ ತಲೆಬರಹ. ಇನ್ನೂರು ಪ್ರತಿ ಅಚ್ಚು ಹಾಕಿಸಿ ಮಂಚದ ಕೆಳಗಿಟ್ಟೆ.

ಹಂಚುವ ಮೊದಲು ಆರೋಪ ಹೊತ್ತವನ ಮಾತು ಕೇಳಬೇಕು. ಇದೂ ನನ್ನ ಹೊತ್ತಿಗೆಗಳಲ್ಲೇ ಇರುವ ಮಾತು, ಅನುಕೂಲಕ್ಕೆ ಬೇಕಾದ ಪುಟ ಮಾತ್ರ ಓದುವವಳು ನಾನಲ್ಲ. ಕಳೆದ ಭಾನುವಾರ ಡಾಕ್ಟರ ಮನೆಗೆ ಹೋದೆ. ನಾನು ಮೆಟ್ಟಿಲು ಹತ್ತುವಾಗ ಅಂದುಕೊಂಡಿದ್ದ ಮನೆ ಅದಾಗಿರಲಿಲ್ಲ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯ ಬಳಿ ಒಂದು ಮರದ ಕುರ್ಚಿ. ಕುರ್ಚಿಯ ಎರಡೂ ಕೈಗಳಿಗೆ ಸಾಲುಸಾಲಾಗಿ ದಾರದ ಗಂಟುಗಳು, ನೂರಾರು. ಡಾಕ್ಟರ ಕೈ ನಡುಗಲು ಶುರುವಾಗಿ ಎಂಟು ವರ್ಷವಾಯಿತಂತೆ. ದಿನಾ ಬೆಳಗ್ಗೆ ಹತ್ತು ಗಂಟು ಹಾಕಿ ನೋಡುತ್ತಾರೆ, ಇವತ್ತು ಎಷ್ಟು ಬಿಗಿ ಕೂತವು ಅಂತ. ನಾನು ಯಾರೆಂದು ಹೇಳಲಿಲ್ಲ, ಕರಪತ್ರ ಮಾತ್ರ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಆಮೇಲೆ ಅಂದರು: 'ಹೊತ್ತು ತಪ್ಪು ಬರ್ದಿದ್ದೀಯ. ಎರಡನೇ ಸಲ ತೆರೆದದ್ದು ಮೂರೂವರೆಗಲ್ಲ. ನಾಲ್ಕಕ್ಕೆ ಐದು ನಿಮಿಷ ಇತ್ತು.' ನಾನು ಪೆನ್ನು ತೆಗೆದು ತಿದ್ದಿಕೊಂಡೆ, ಮೂರ್ಖಳ ಹಾಗೆ. ಆಗ ನನ್ನ ಕೈ ನೋಡಿ, 'ನೀನು ಅವರ ಮಗಳಲ್ವಾ? ಅವರೂ ಹೀಗೇ, ತುದಿಬೆರಳಲ್ಲಿ ಹಿಡೀತಿದ್ರು' ಅಂದರು. ಅವರ ಬಾಯಲ್ಲಿ ನಿನಗೆ ಈಗಲೂ ಬಹುವಚನವೇ, ಅಪ್ಪಾ.

ಅವರು ಹೇಳಿದ್ದನ್ನು ಅವರು ಹೇಳಿದ ಹಾಗೇ ಬರೆಯುತ್ತೇನೆ, ನೀನು ಅಲ್ಲೇ ಇದ್ದವನಾದರೂ. ಆ ದಿನ ಥಿಯೇಟರಿನ ತಂಪು ಯಂತ್ರ ಕೆಟ್ಟಿತ್ತು. ಎಕ್ಸ್-ರೇ ಯಂತ್ರವೂ ಆ ವಾರ ರಿಪೇರಿಗೆ ಹೋಗಿತ್ತು. ಆಪರೇಷನ್ ಶುರುವಾದ ಆರನೆಯ ಗಂಟೆಯ ಹೊತ್ತಿಗೆ ಎಲ್ಲರ ಬೆವರೂ ಹುಬ್ಬು ದಾಟುತ್ತಿತ್ತು, ನರ್ಸುಗಳು ಒಬ್ಬೊಬ್ಬರ ಹಣೆ ಒರೆಸುತ್ತ ಟೊಪ್ಪಿಗೆಯ ಅಂಚಿಗೆ ಚಿಂದಿ ಸಿಕ್ಕಿಸುತ್ತಿದ್ದರು. ಅಂಚೆಯವನ ನಾಡಿ ಕುಸಿಯತೊಡಗಿತು, ಡಾಕ್ಟರು ನಿನ್ನ ಎಣಿಕೆ ಮುಗಿಯುವ ಮೊದಲೇ ಹೊಲಿಯಲು ಶುರು ಮಾಡಿದರು. 'ಅದು ನನ್ನ ತಪ್ಪು. ನಿನ್ನ ಕರಪತ್ರದಲ್ಲಿ ಅದಿಲ್ಲ, ಹಾಕು' ಅಂದರು. ಕೊನೆಯ ಹೊಲಿಗೆ ಬೀಳುವಾಗ ನೀನು ಹೇಳಿದೆಯಂತೆ: 'ಒಂದು ಕಡಿಮೆ ಇದೆ, ಡಾಕ್ಟರೇ.' ಜೊತೆಯ ಡಾಕ್ಟರುಗಳು 'ಇವರಿಗೆ ಬಿಸಿಲು ತಲೆಗೆ ಹತ್ತಿದೆ, ಬಿಡಿ ಸಾರ್' ಎಂದರು. ನೀನು ಮೂರು ಸಲ ಎಣಿಸಿದೆ. ನೆಲ, ಬುಟ್ಟಿ, ಮೇಜಿನ ಕೆಳಗೆ, ಎಲ್ಲರ ಚಪ್ಪಲಿಯನ್ನೂ ನೀವೆಲ್ಲ ಸೇರಿ ನೋಡಿದಿರಿ. ಮೂವತ್ತೊಂಬತ್ತೇ. 'ಅವರು ಎಣಿಸಿದ್ರೆ ಎಣಿಸಿದ ಹಾಗೇ' ಎಂದು ಡಾಕ್ಟರು ಮತ್ತೆ ಚಾಕು ಕೇಳಿದರು. ಐವತ್ತು ನಿಮಿಷ ಹುಡುಕಿದರು. ಆ ಐವತ್ತು ನಿಮಿಷವನ್ನು ಅಂಚೆಯವನ ಗುಂಡಿಗೆ ತಡೆಯಲಿಲ್ಲ.

ವಿಚಾರಣೆಯಲ್ಲಿ ನೀನು ಎದ್ದು ನಿಂತು 'ನಾನೇ ತಪ್ಪು ಎಣಿಸಿದೆ' ಅಂದೆ. ಅವರು ಎದ್ದು 'ನಿರ್ಧಾರ ನನ್ನೊಬ್ಬನದು, ಅವರ ಹೆಸರು ಕಾಗದದಲ್ಲಿ ಬರಕೂಡದು' ಅಂದರು. ತಪ್ಪು ನನಗಿರಲಿ ಎಂದು ಇಬ್ಬರೂ ಕಿತ್ತಾಡಿ, ಆಮೇಲೆ ಹದಿನಾರು ವರ್ಷ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನನ್ನ ಹೊತ್ತಿಗೆಗಳಲ್ಲಿ ಇಂಥ ಪುಟವಿಲ್ಲ, ಅಪ್ಪಾ. ನಾನು ಕೇಳಿದೆ, ಅಪ್ಪ ತಪ್ಪು ಎಣಿಸಿದ್ದರು ಅಂತ ನಿಮಗೆ ಅನ್ನಿಸುತ್ತಾ ಎಂದು. ಅವರು ಕುರ್ಚಿಯ ಗಂಟುಗಳನ್ನು ಸವರುತ್ತ ಅಂದರು: 'ಹಾಗೆ ನಂಬೋಕಾಗಿದ್ರೆ ನಿದ್ದೆ ಬರ್ತಿತ್ತು, ಮಗೂ. ನಿಮ್ಮಪ್ಪ ತಪ್ಪು ಎಣಿಸೋರಲ್ಲ. ಅಂದ್ಮೇಲೆ ಅದು ಎಲ್ಲೋ ಇತ್ತು. ನಾನು ಹುಡುಕಿದ್ದೆಲ್ಲ ಹುಡುಕಿದೆ, ಸಿಗಲಿಲ್ಲ. ಅಂದ್ರೆ ಅವನೊಳಗೇ ಬಿಟ್ಟೆ ಅಂತ ತಾನೇ? ಈಗಲೂ ಕಣ್ಣು ಮುಚ್ಚಿದ್ರೆ ನನ್ನ ಕೈ ಅಲ್ಲೇ ಇರುತ್ತೆ, ಕರುಳಿನ ಹಿಂದೆ, ಹುಡುಕ್ತಾ.' ಅವರು ಕೈ ಎತ್ತಿ ತೋರಿಸಿದರು. ನಡುಗುವ ಆ ಬೆರಳುಗಳು ಗಾಳಿಯಲ್ಲಿ ಏನನ್ನೋ ನಿಧಾನವಾಗಿ ಸರಿಸಿ ಸರಿಸಿ ನೋಡುತ್ತಿದ್ದವು. ನನಗೆ ಅಲ್ಲಿಂದ ಎದ್ದು ಓಡಬೇಕೆನಿಸಿತು.

ಪೀಠದ ಮಾತಿಗೆ ಬರುತ್ತೇನೆ, ಅದು ನಿನಗೆ ಸಂಬಂಧಿಸಿದ್ದು. ಆಡಳಿತದವರು ಒಪ್ಪಿಗೆಗೆ ಬಂದಾಗ ಡಾಕ್ಟರು ಒಂದು ಷರತ್ತು ಹಾಕಿದ್ದಾರೆ. ನನ್ನ ಹೆಸರಲ್ಲಿ ಪ್ರಾಧ್ಯಾಪಕರ ಹುದ್ದೆ ಬೇಡ, ಕೊಯ್ಯುವವರು ಹೇಗೂ ಸಿಗುತ್ತಾರೆ. ಆ ನಿಧಿಯಿಂದ ಎಣಿಸುವವರ ಹುದ್ದೆ ಮಾಡಿ. ಅವರು 'ನಿಲ್ಲಿ' ಅಂದರೆ ಎಂಥ ದೊಡ್ಡ ಸರ್ಜನ್ ಆದರೂ ಸೂಜಿ ಕೆಳಗಿಡಬೇಕು, ಎಣಿಕೆ ಮುಗಿಯದೆ ಒಂದು ಹೊಲಿಗೆಯೂ ಬೀಳಕೂಡದು, ಎಂದು ಬರೆದುಕೊಡಿ. ಆಡಳಿತಾಧಿಕಾರಿ ನಕ್ಕುಬಿಟ್ಟರಂತೆ. 'ಪೀಠ ಅಂದ್ರೆ ಪ್ರೊಫೆಸರು ಕೂರೋದು ಸಾರ್, ಬಟ್ಟೆ ಎಣಿಸೋರಲ್ಲ.' 'ಹಾಗಾದ್ರೆ ನಿಮ್ಮ ಕಲ್ಲಿಗೆ ಬೇರೆ ಹೆಸರು ಹುಡುಕಿ' ಅಂದರಂತೆ ಇವರು. ನಾಲ್ಕು ತಿಂಗಳ ಜಗ್ಗಾಟದ ಮೇಲೆ ಒಪ್ಪಿದ್ದಾರೆ. ಕಲ್ಲು ಕೆತ್ತುವವನಿಗೆ ಅರ್ಧ ಕೆತ್ತಿದ್ದನ್ನು ಉಜ್ಜುವ ಕೆಲಸ. ಅದನ್ನು ನೋಡಲು ನಾನು ಊಟದ ಬಿಡುವಿನಲ್ಲಿ ಎರಡು ಸಲ ಹೋಗಿದ್ದೆ, ಸುಳ್ಳೇಕೆ ಹೇಳಲಿ. ಮೊದಲ ವರ್ಷ ಆ ಹುದ್ದೆಯಲ್ಲಿ ನೀನೇ ಇದ್ದು ಹೊಸಬರಿಗೆ ಕಲಿಸಬೇಕು ಎಂದು ಅವರ ಆಸೆ. ನಾನು ಕೇಳಿದೆ, ಅಷ್ಟು ವರ್ಷ ಸುಮ್ಮನಿದ್ದು ಈಗೇಕೆ ಎಂದು. ನನ್ನ ಬಾಯಿ ನಿನಗೆ ಗೊತ್ತಲ್ಲ. 'ಕರೆಯೋಕೆ ಮುಖ ಇರಲಿಲ್ಲ. ಈಗ ಕರೆಯೋಕೆ ಒಂದು ಕುರ್ಚಿ ಇದೆ' ಅಂದರು. ಸಭೆ ಮುಂದಿನ ತಿಂಗಳು ಹದಿನೈದಕ್ಕೆ. ಕರೆಯೋಲೆ ಇದರ ಜೊತೆಗಿದೆ. ಹೊರಡುವಾಗ ಮೇಜಿನ ಡ್ರಾಯರಿನಿಂದ ಒಂದು ಬಟ್ಟೆ ತೆಗೆದು ನನ್ನ ಅಂಗೈ ಮೇಲಿಟ್ಟರು. ಎಣಿಕೆಯ ಬಟ್ಟೆ ಎಂದರೆ ಹೇಗಿರುತ್ತದೆ ಎಂದು ನಾನೇ ಕೇಳಿದ್ದೆ. ಅಂಗೈಯಗಲ, ನಾಲ್ಕು ಮಡಿಕೆ, ನಡುವೆ ನೇಯ್ದ ಒಂದು ನೀಲಿ ದಾರ. ಎಕ್ಸ್-ರೇಯಲ್ಲಿ ಕಾಣಲಿ ಎಂದು ಆ ದಾರವಂತೆ. 'ಥಿಯೇಟರ್ ಬಿಟ್ಟು ಪ್ರಪಂಚದಲ್ಲಿ ಬೇರೆಲ್ಲೂ ಇದಕ್ಕೆ ಕೆಲಸ ಇಲ್ಲ' ಅಂದರು. ನಾನು ಅದನ್ನು ವಾಪಸು ಕೊಟ್ಟು, ಚಪ್ಪಲಿ ಮೆಟ್ಟುವುದನ್ನೂ ಮರೆತು ಮೆಟ್ಟಿಲಿಳಿದೆ. ಕೆಳಗಿನಿಂದ ಮತ್ತೆ ಹತ್ತಬೇಕಾಯಿತು.

ಆ ಇನ್ನೂರು ಕರಪತ್ರ ಹಂಚಲಿಲ್ಲ. ಹೆದರಿ ಅಲ್ಲ, ಅವು ನಿಜವಲ್ಲ ಅದಕ್ಕೆ. ಅಮ್ಮ ಅವುಗಳ ಖಾಲಿ ಬೆನ್ನಿನ ಮೇಲೆ ಅಂಗಿಯ ತೋಳು, ಕತ್ತುಪಟ್ಟಿ ಬರೆದು ಕತ್ತರಿಸುತ್ತಿದ್ದಾಳೆ. 'ಅಂತೂ ನಿನ್ನ ಬರವಣಿಗೆ ನಾಲ್ಕು ಜನರ ಮೈಗೆ ಹತ್ತಿತು' ಅಂತ ನಗುತ್ತಾಳೆ. ನಿನ್ನ ಹಳೆಯ ಟೊಪ್ಪಿಗೆಗಳನ್ನೂ ತೆಗೆದಿದ್ದಾಳೆ. ನೆನಪಿದೆಯಾ, ಆಸ್ಪತ್ರೆಯ ಟೊಪ್ಪಿಗೆ ಕಿವಿ ಕೊರೆಯುತ್ತದೆ ಎಂದು ಅವಳೇ ಹೊಲಿದುಕೊಟ್ಟ ಹಸಿರು ಟೊಪ್ಪಿಗೆಗಳು? ದಿನಾ ಸಂಜೆ ನಿನ್ನ ಚೀಲದಿಂದ ಅವನ್ನು ತೆಗೆದು, ಮಡಿಕೆ ಬಿಡಿಸಿ, ಒಳಮೈ ಹೊರಗೆ ಮಾಡಿ ಬಕೆಟ್ಟಿಗೆ ಹಾಕುವುದು ನನ್ನ ಕೆಲಸವಾಗಿತ್ತು. ಅಂಚೆಯವನ ಆಪರೇಷನ್ ಆದ ಆ ಸಂಜೆ ನೀನು ಚೀಲವನ್ನೇ ಕೊಡವಿ ನೆಲಕ್ಕೆ ಸುರಿದದ್ದು, ಜೇಬುಗಳನ್ನು ಹೊರಗೆಳೆದದ್ದು, ಶೂಗಳನ್ನು ಗೋಡೆಗೆ ಬಡಿದದ್ದು ನನಗೆ ನೆನಪಿದೆ. ಆಗ ನನಗೆ ಏಳು ವರ್ಷ.

ನೀನು ಬರಬೇಕು, ಅಪ್ಪಾ. ಕಲ್ಲಿಗಾಗಿ ಬೇಡ, ಸಭೆಗಾಗಿಯೂ ಬೇಡ. ಥಿಯೇಟರಿನಲ್ಲಿ ಈಗ ಎಣಿಸುವ ಹುಡುಗಿ ದನಿ ಎತ್ತಲು ಹೆದರುತ್ತಾಳೆ, ನಾನು ಬಾಗಿಲ ಗಾಜಿನಿಂದ ನೋಡಿದ್ದೇನೆ. ಅವಳಿಗೆ 'ಒಂದು ಕಡಿಮೆ ಇದೆ' ಎಂದು ಜೋರಾಗಿ ಹೇಳುವುದನ್ನು ಕಲಿಸಲು ಬಾ. ಮಂಡಿ ಜೋಪಾನ. ಅಮ್ಮನ ನೆನಪುಗಳು; ಪಡಸಾಲೆಯ ಮೊಳೆಯಲ್ಲಿ ನಿನ್ನ ಟೊಪ್ಪಿಗೆ ಒಗೆದು ಒಣಗಿಸಿ ತೂಗುಹಾಕಿದ್ದಾಳೆ ಎಂದು ಬರೆಯಲು ಹೇಳಿದಳು.

ನಿನ್ನನ್ನು ಬಯ್ಯುತ್ತಲೇ ಕಾಯುತ್ತಿರುವ,
ಮೆಣಸು

ಮರೆತದ್ದು: ಮರೆತದ್ದಲ್ಲ. ಮೂರು ಸಲ ಬರೆಯಲು ಹೋಗಿ ಕೈ ಬರಲಿಲ್ಲ. ಸೋಮವಾರ ಬೆಳಗಾಯಿತು, ಅಂಚೆ ಡಬ್ಬಿ ತೆರೆಯುವ ಹೊತ್ತು, ಬೇಗ ಬರೆದುಬಿಡುತ್ತೇನೆ. ನನ್ನ ಗೊಂಬೆಗೆ ಬಿಸ್ಕತ್ತಿನ ಡಬ್ಬಿಯ ಮುಚ್ಚಳದಲ್ಲಿ ಒಂದು ಮಂಚವಿತ್ತಲ್ಲ, ಅದಕ್ಕೊಂದು ಹೊದಿಕೆ ಇತ್ತು. ಆ ಸಂಜೆ ನಿನ್ನ ಟೊಪ್ಪಿಗೆಯ ಹಣೆಯ ಮಡಿಕೆಯಲ್ಲಿ ಸಿಕ್ಕಿದ್ದು, ಬೆವರಿಗೆ ಒದ್ದೆಯಾಗಿತ್ತು, ರಕ್ತದ ಕಲೆ ಒಂದೂ ಇರಲಿಲ್ಲ. ನಡುವೆ ನೀಲಿ ದಾರ ಚೆನ್ನಾಗಿದೆ ಅಂತ ತೆಗೆದುಕೊಂಡೆ. ಯಾರೋ ನರ್ಸು ಅವಸರದಲ್ಲಿ ಚಿಂದಿಯ ಬದಲು ಎಣಿಕೆಯ ಬಟ್ಟೆಯನ್ನೇ ನಿನ್ನ ಹಣೆಗೆ ಸಿಕ್ಕಿಸಿರಬೇಕು. ನೀನು ಕಣ್ಣು ತಟ್ಟೆಯ ಮೇಲಿಟ್ಟಿದ್ದೆ, ಎಲ್ಲರೂ ನೆಲ ನೋಡಿದರು, ನಿನ್ನ ಹಣೆ ಯಾರೂ ನೋಡಲಿಲ್ಲ. ಚೀಲ ಸುರಿದ ಮೇಲೆ ನೀನು ನನ್ನ ಮುಂದೆ ಮಂಡಿಯೂರಿ ಕೇಳಿದೆ: 'ಮೆಣಸೂ, ಟೊಪ್ಪಿಗೆಯಲ್ಲಿ ಏನಾದ್ರೂ ಇತ್ತಾ?' ಕಸಿದುಕೊಳ್ಳುತ್ತೀಯೆಂದು ನಾನು ಗೊಂಬೆಯ ಮಂಚದ ಮೇಲೆ ಕೈಯಿಟ್ಟುಕೊಂಡು 'ಇಲ್ಲ' ಅಂದೆ. ಆ 'ಇಲ್ಲ' ನನಗೆ ನೆನಪಿರಲಿಲ್ಲ, ಡಾಕ್ಟರು ಆ ಬಟ್ಟೆಯನ್ನು ಅಂಗೈ ಮೇಲಿಡುವವರೆಗೂ. ಮನೆಗೆ ಬಂದು ಡಬ್ಬಿ ತೆಗೆದೆ. ಇದೆ. ದೊಡ್ಡವರನ್ನು ಪ್ರಶ್ನೆ ಕೇಳಲು ಇನ್ನೂರು ಪ್ರತಿ ಅಚ್ಚು ಹಾಕಿಸಿದವಳ ಮಂಚದ ಕೆಳಗೇ ಹದಿನಾರು ವರ್ಷ ಇತ್ತು. ಅಮ್ಮನಿಗೂ ಹೇಳಿಲ್ಲ. ಮೊದಲು ನಿನಗೆ, ಆಮೇಲೆ ಡಾಕ್ಟರಿಗೆ, ಅವರ ಕೈ ಹುಡುಕುವುದನ್ನು ನಿಲ್ಲಿಸಬೇಕು. ಆಮೇಲೆ ಮೂರು ಮನೆಯಾಚೆಗೆ. ಅಲ್ಲಿಗೆ ಒಬ್ಬಳೇ ಹೋಗಲು ನನಗೆ ಧೈರ್ಯವಿಲ್ಲ, ನೀನು ಜೊತೆಗಿರಬೇಕು. ಬಟ್ಟೆಯನ್ನು ಈ ಲಕೋಟೆಯಲ್ಲೇ ಇಡೋಣ ಅಂದುಕೊಂಡೆ, ದಾರಿಯಲ್ಲಿ ಇನ್ನೊಮ್ಮೆ ಕಳೆದುಹೋದರೆ? ಇಲ್ಲೇ ಇಟ್ಟುಕೊಂಡಿದ್ದೇನೆ. ನಿನ್ನ ಎಣಿಕೆ ತಪ್ಪಿರಲಿಲ್ಲ, ಅಪ್ಪಾ. ಬಾ, ನಲವತ್ತು ಅಂತ ನೀನೇ ಹೇಳಿ ಮುಗಿಸು.